ಬಿಚ್ಚಿಕೊಳ್ಳಲೆಂದೇ ಹೆಣೆದ ಎಳೆಗಳು

1991ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ನೆಡ್ ಸೀಮನ್ ಮತ್ತು ಅವರ ಸಹೋದ್ಯೋಗಿ ಜುಂಗ್‌ಹ್ವೆ ಚೆನ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಡಿಎನ್‌ಎ ಎಳೆಗಳಿಂದಲೇ ಒಂದು ಘನಾಕೃತಿ ಕಟ್ಟಿದ್ದೇವೆ ಎಂಬುದು ಅದರ ಸಾರ. ಆರು ಮುಖ, ಎಂಟು ಮೂಲೆ, ಹನ್ನೆರಡು ಅಂಚು. ಒಂದೊಂದು ಅಂಚೂ ಡಿಎನ್‌ಎಯ 20 ಅಕ್ಷರ ಜೋಡಿಗಳಷ್ಟು ಉದ್ದ, ಅಂದರೆ ಸುಮಾರು 7 ನ್ಯಾನೋಮೀಟರ್. ತಲೆಕೂದಲಿನ ದಪ್ಪದಷ್ಟು ಜಾಗದಲ್ಲಿ ಇಂಥವನ್ನು ಸಾಲಾಗಿ ಇಟ್ಟರೆ ಹತ್ತು ಸಾವಿರ ಹಿಡಿಯುತ್ತವೆ.

ಅಷ್ಟು ಚಿಕ್ಕದನ್ನು ಕಟ್ಟಿದ್ದೇವೆ ಎಂದು ನಂಬಿಸುವುದು ಹೇಗೆ? ತೋರಿಸಲು ಅವರ ಬಳಿ ಸೂಕ್ಷ್ಮದರ್ಶಕದ ಚಿತ್ರವಿರಲಿಲ್ಲ. ಅವರು ಮಾಡಿದ್ದು ಬೇರೆ ಕೆಲಸ: ಕಟ್ಟಿದ್ದನ್ನೇ ಕತ್ತರಿಸಿದರು. ಡಿಎನ್‌ಎಯನ್ನು ನಿರ್ದಿಷ್ಟ ಅಕ್ಷರಗಳ ಜಾಗದಲ್ಲಿ ಮಾತ್ರ ತುಂಡರಿಸುವ ಕಿಣ್ವಗಳಿವೆ. ಘನದ ಆಯ್ದ ಅಂಚುಗಳಲ್ಲಿ ಅಂಥ ಅಕ್ಷರಗಳನ್ನು ಮೊದಲೇ ಇಟ್ಟಿದ್ದರು. ಕಿಣ್ವ ಹಾಕಿದಾಗ ಘನ ಬಿಡಿಬಿಡಿಯಾಯಿತು. ಉಳಿದ ತುಂಡುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಲು ಜೆಲ್ ಮೇಲೆ ಓಡಿಸಿದಾಗ ಒಂದರೊಳಗೊಂದು ಸಿಕ್ಕಿಕೊಂಡ ಉಂಗುರಗಳು ಲೆಕ್ಕಕ್ಕೆ ಸರಿಯಾಗಿ ಕಂಡವು. ಕಟ್ಟಿದ್ದು ಘನವೇ ಎಂಬುದಕ್ಕೆ ಅದನ್ನು ಒಡೆದ ರೀತಿಯೇ ಸಾಕ್ಷಿಯಾಯಿತು.

ಡಿಎನ್‌ಎಯಿಂದ ವಸ್ತು ತಯಾರಿಸುವ ವಿದ್ಯೆಯ ಚರಿತ್ರೆಯನ್ನು ಸಾಮಾನ್ಯವಾಗಿ ಕಟ್ಟಿದವರ ಚರಿತ್ರೆಯಾಗಿ ಬರೆಯುತ್ತಾರೆ. ಘನ ಬಂತು, ಹರಳು ಬಂತು, 2006ರಲ್ಲಿ ಪಾಲ್ ರೋತ್‌ಮಂಡ್ ಡಿಎನ್‌ಎಯಿಂದ ಮಡಚಿದ ನಗುಮುಖ ಬಂತು ಎನ್ನುವ ಸಾಲು ಅದು. ಆ ಸಾಧನೆಗಳೆಲ್ಲ ದೊಡ್ಡವೇ. ಆದರೆ ಕಟ್ಟಿದ್ದು ಯಾವಾಗ, ಎಲ್ಲಿ, ಯಾರು ಬಂದು ಮುಟ್ಟಿದರೆ ಬಿಚ್ಚಿಕೊಳ್ಳಬೇಕು ಎಂದು ಮೊದಲೇ ಗೊತ್ತುಮಾಡಿ ಹೆಣೆಯುವ ಕೆಲಸ ಅದಕ್ಕಿಂತ ಕಷ್ಟದ್ದು, ಮನುಷ್ಯರಿಗೆ ಹೆಚ್ಚು ಬೇಕಾದದ್ದು ಎಂದು ನನಗೆ ಅನಿಸುತ್ತದೆ. ಔಷಧಿಯನ್ನು ಹೊತ್ತ ಪೆಟ್ಟಿಗೆ ಎಷ್ಟೇ ಸುಂದರವಾಗಿರಲಿ, ರೋಗವಿರುವ ಜಾಗದಲ್ಲಿ ತೆರೆದುಕೊಳ್ಳದಿದ್ದರೆ ಅದರಿಂದ ಪ್ರಯೋಜನವಿಲ್ಲ. ಈ ಬಿಚ್ಚುವ ವಿದ್ಯೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ. ಕನ್ನಡದ ಓದುಗರಿಗೆ ಅದನ್ನು ಹೇಳಬೇಕೆಂಬ ಆಸೆಯಿಂದಲೇ ಈ ಬರಹ.

ಸೀಮನ್ ಮೂಲತಃ ಸ್ಫಟಿಕ ವಿಜ್ಞಾನಿ. ಅಣುಗಳ ಆಕಾರ ತಿಳಿಯಬೇಕಾದರೆ ಅವು ಮೊದಲು ಹರಳಾಗಬೇಕು; ಅವರಿಗೆ ಬೇಕಾದ ಅಣುಗಳು ಹರಳಾಗಲು ಒಪ್ಪುತ್ತಿರಲಿಲ್ಲ. 1980ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಮೇಷ್ಟರಾಗಿದ್ದರು. ಕವಲೊಡೆದ ಡಿಎನ್‌ಎ ಬಗ್ಗೆ ಯೋಚಿಸುತ್ತಾ ಕ್ಯಾಂಪಸ್ಸಿನ ಪಬ್ಬಿಗೆ ಹೋದಾಗ ಎಷರ್ ಎಂಬ ಡಚ್ ಕಲಾವಿದ 1955ರಲ್ಲಿ ಕೆತ್ತಿದ ‘ಡೆಪ್ತ್’ ಎಂಬ ಚಿತ್ರ ಅವರ ನೆನಪಿಗೆ ಬಂತು. ಅದರಲ್ಲಿ ಮೀನುಗಳು ಮೂರೂ ದಿಕ್ಕಿನಲ್ಲಿ ಸಾಲುಗಟ್ಟಿ ತೇಲುತ್ತವೆ. ಒಂದೊಂದು ಮೀನಿನ ಜಾಗದಲ್ಲೂ ಆರು ಕವಲಿನ ಒಂದು ಡಿಎನ್‌ಎ ಇಟ್ಟರೆ, ಕವಲಿನ ತುದಿಗಳು ಪಕ್ಕದ್ದನ್ನು ತಾವೇ ಹಿಡಿದುಕೊಂಡು ಹರಳಾಗಬಾರದೇಕೆ ಎಂಬ ಆಲೋಚನೆ ಅಲ್ಲಿ ಹುಟ್ಟಿತು. 1982ರಲ್ಲಿ ಅದನ್ನು ಪ್ರಬಂಧವಾಗಿ ಬರೆದರು. ಅಂಥ ಮೂರು ಆಯಾಮದ ಹರಳನ್ನು ಅವರ ತಂಡ ನಿಜವಾಗಿ ಮಾಡಿ ತೋರಿಸಿದ್ದು 2009ರಲ್ಲಿ. ಒಂದು ಆಲೋಚನೆಯನ್ನು ಕೈಬಿಡದೆ 29 ವರ್ಷ ಹಿಡಿದುಕೊಂಡ ಮನುಷ್ಯ ಅವರು. 2021ರ ನವೆಂಬರ್‌ನಲ್ಲಿ ತೀರಿಕೊಂಡರು.

ಈ ವಿದ್ಯೆಯ ಬುನಾದಿ ಶಾಲೆಯ ಪಾಠದಷ್ಟು ಸರಳ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎ ಸೇರುವುದು ಟಿ ಜೊತೆ, ಜಿ ಸೇರುವುದು ಸಿ ಜೊತೆ. ಹೊಂದುವ ಅಕ್ಷರಗಳಿರುವ ಎರಡು ಎಳೆಗಳನ್ನು ಉಪ್ಪು ನೀರಿನಲ್ಲಿ ಬಿಟ್ಟರೆ ಒಂದನ್ನೊಂದು ಹುಡುಕಿ ಸುತ್ತಿಕೊಳ್ಳುತ್ತವೆ. ಯಾವ ಎಳೆ ಯಾವುದನ್ನು ಹಿಡಿಯಬೇಕು ಎಂಬುದನ್ನು ಅಕ್ಷರ ಬರೆಯುವಾಗಲೇ ನಿರ್ಧರಿಸಬಹುದು. ಹಾಗಾಗಿ ಕೂಡಿಸುವ ಕೆಲಸದಲ್ಲಿ ಡಿಎನ್‌ಎಯಷ್ಟು ವಿಧೇಯವಾದ ಅಣು ಇನ್ನೊಂದಿಲ್ಲ.

ಬಿಡಿಸುವ ಮಾತು ಬಂದಾಗ ಮೊದಲು ಕೈಯಲ್ಲಿದ್ದದ್ದು ಒರಟು ಉಪಾಯಗಳು. ಬಿಸಿ ಮಾಡಿದರೆ ಎಳೆಗಳು ಬೇರೆಯಾಗುತ್ತವೆ. 1996ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್ ತಂಡ ಚಿನ್ನದ ನ್ಯಾನೋಕಣಗಳನ್ನು ಡಿಎನ್‌ಎಯಿಂದ ಪೋಣಿಸಿದಾಗ ಕೆಂಪಗಿದ್ದ ದ್ರಾವಣ ನೇರಳೆ ಬಣ್ಣಕ್ಕೆ ತಿರುಗಿತು. ಬಿಸಿ ಮಾಡಿದಾಗ ಕಣಗಳು ಬಿಡಿಯಾಗಿ ಮತ್ತೆ ಕೆಂಪಾಯಿತು. ನೋಡಲು ಚೆಂದವಾದ ಪ್ರಯೋಗ. ಆದರೆ ಬಿಸಿಗೆ ಭೇದವಿಲ್ಲ, ಪಾತ್ರೆಯಲ್ಲಿದ್ದ ಎಲ್ಲ ಜೋಡಿಗಳೂ ಒಟ್ಟಿಗೆ ಕಳಚುತ್ತವೆ. ರೋಗಿಯ ಮೈಯೊಳಗೆ ಆ ದಾರಿ ಹಿಡಿಯುವಂತಿಲ್ಲ. 1999ರಲ್ಲಿ ಸೀಮನ್ ತಂಡವೇ ಕೋಬಾಲ್ಟ್ ಹೆಕ್ಸಮ್ಮೈನ್ ಎಂಬ ರಾಸಾಯನಿಕವನ್ನು ಬೆರೆಸಿ ಡಿಎನ್‌ಎಯ ಒಂದು ಭಾಗದ ಬಲಸುರುಳಿಯನ್ನು ಎಡಸುರುಳಿಯಾಗಿ ತಿರುಗಿಸಿತು. ಒಂದು ಚಿಕ್ಕ ಅಣುವಿನ ಆಜ್ಞೆಗೆ ಡಿಎನ್‌ಎ ಯಂತ್ರ ಹೀಗೆ ಓಗೊಟ್ಟಿತು. ಅದು ತಿರುಗುವ ಯಂತ್ರ, ಬಿಚ್ಚಿಕೊಳ್ಳುವುದು ಅದರ ಕೆಲಸವಾಗಿರಲಿಲ್ಲ.

ನಿಜವಾದ ತಿರುವು 2000ದಲ್ಲಿ ಬಂತು. ಅದು ಬಂದ ಜಾಗ ನ್ಯೂಜೆರ್ಸಿಯ ಮರ್ರೇ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್, 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಪ್ರಯೋಗಾಲಯ. ಬರ್ನಾರ್ಡ್ ಯರ್ಕ್, ಆಕ್ಸ್‌ಫರ್ಡಿನಿಂದ ಬಂದಿದ್ದ ಆಂಡ್ರ್ಯೂ ಟರ್ಬರ್‌ಫೀಲ್ಡ್, ಅಲೆನ್ ಮಿಲ್ಸ್, ಜರ್ಮನಿಯಿಂದ ಬಂದಿದ್ದ ಯುವಕ ಫ್ರೀಡ್ರಿಕ್ ಸಿಮ್ಮೆಲ್, ಇವರೆಲ್ಲ ಭೌತವಿಜ್ಞಾನದಿಂದ ಬಂದವರು. ಜೆನ್ನಿಫರ್ ನ್ಯೂಮನ್ ಸೇರಿ ಐವರು ತಯಾರಿಸಿದ್ದು ಮೂರು ಎಳೆಗಳ ಒಂದು ಇಕ್ಕಳ. ಎರಡು ತೋಳು, ನಡುವೆ ಒಂದು ಕೀಲು, ತೋಳುಗಳ ತುದಿಯಲ್ಲಿ ಜೋಡಿಯಿಲ್ಲದೆ ಜೋತುಬಿದ್ದ ಎರಡು ಬಾಲ. ‘ಇಂಧನ’ ಎಂದು ಅವರು ಹೆಸರಿಟ್ಟ ಒಂದು ಎಳೆಯನ್ನು ಹಾಕಿದರೆ ಅದು ಎರಡೂ ಬಾಲಗಳನ್ನು ಹಿಡಿದು ಇಕ್ಕಳವನ್ನು ಮುಚ್ಚುತ್ತದೆ. ಮುಚ್ಚಿದ್ದನ್ನು ತೆರೆಯುವುದರಲ್ಲಿಯೇ ಅವರ ಜಾಣ್ಮೆ ಇದ್ದದ್ದು.

ಇಂಧನದ ಎಳೆಯ ತುದಿಯಲ್ಲಿ 8 ಅಕ್ಷರಗಳನ್ನು ಯಾರಿಗೂ ಜೋಡಿಸದೆ ಖಾಲಿ ಬಿಟ್ಟಿದ್ದರು. ಆ ಎಳೆಗೆ ಪೂರ್ತಿ ಹೊಂದುವ ಇನ್ನೊಂದು ಎಳೆಯನ್ನು ದ್ರಾವಣಕ್ಕೆ ಹಾಕಿದಾಗ ಅದು ಮೊದಲು ಆ ಎಂಟು ಅಕ್ಷರಗಳ ಮೇಲೆ ಕಾಲೂರುತ್ತದೆ. ಅಲ್ಲಿಂದ ಒಂದೊಂದೇ ಅಕ್ಷರ ಮುಂದಕ್ಕೆ ಸರಿಯುತ್ತಾ, ಮೊದಲಿದ್ದ ಜೋಡಿಯನ್ನು ಒಂದೊಂದೇ ಅಕ್ಷರ ಹಿಂದಕ್ಕೆ ತಳ್ಳುತ್ತದೆ. ತುಂಬಿದ ಬಸ್ಸಿನಲ್ಲಿ ಸೀಟಿನ ಅಂಚಿಗೆ ಕೂತವರು ಸ್ವಲ್ಪ ಸ್ವಲ್ಪವೇ ಒತ್ತರಿಸಿ ಕೊನೆಗೆ ಪೂರ್ತಿ ಜಾಗ ಪಡೆಯುವ ಹಾಗೆ. ಕೊನೆಯ ಅಕ್ಷರವೂ ಹೋದ ಮೇಲೆ ಇಂಧನದ ಎಳೆ ಹೊಸ ಜೋಡಿಯ ಜೊತೆ ಇಕ್ಕಳದಿಂದ ಕಳಚಿಕೊಂಡು ಹೋಗುತ್ತದೆ, ಇಕ್ಕಳ ತೆರೆಯುತ್ತದೆ. ಬಿಸಿಯ ಹಂಗಿಲ್ಲ, ಕಿಣ್ವದ ಹಂಗಿಲ್ಲ. ತೋಳುಗಳಿಗೆ ಅಂಟಿಸಿದ್ದ ಬಣ್ಣದ ಅಣುಗಳ ಬೆಳಕು ಕುಂದಿ ಮತ್ತೆ ಏರುವುದನ್ನು ಅಳೆದು, ಸ್ಥಿತಿ ಬದಲಾಗಲು ಸುಮಾರು 13 ಸೆಕೆಂಡು ಸಾಕು ಎಂದು ಅವರು ವರದಿ ಮಾಡಿದರು.

ಈ ಎಂಟು ಖಾಲಿ ಅಕ್ಷರಗಳನ್ನು ನಾನು ಈ ಇಡೀ ಚರಿತ್ರೆಯ ಅತ್ಯಂತ ಮುಖ್ಯ ಆವಿಷ್ಕಾರ ಎಂದು ಎಣಿಸುತ್ತೇನೆ. ಎಷ್ಟು ಅಕ್ಷರ ಖಾಲಿ ಬಿಟ್ಟರೆ ಎಷ್ಟು ಬೇಗ ಬಿಚ್ಚಿಕೊಳ್ಳುತ್ತದೆ ಎಂಬುದು ಲೆಕ್ಕಕ್ಕೆ ಸಿಕ್ಕಿತು. ಒಂದೇ ಪಾತ್ರೆಯಲ್ಲಿ ನೂರು ಬಗೆಯ ಜೋಡಣೆಗಳಿದ್ದರೂ ಬೇಕಾದ ಒಂದನ್ನು ಮಾತ್ರ ಆರಿಸಿ ಕಳಚಬಹುದಾಯಿತು. ಆಮೇಲೆ ಬಂದ ಡಿಎನ್‌ಎ ಯಂತ್ರಗಳು, ಡಿಎನ್‌ಎ ಗಣಕಗಳಲ್ಲಿ ಬಹುಪಾಲು ಇದರ ಮೇಲೆಯೇ ನಿಂತಿವೆ.

ಇಕ್ಕಳದಿಂದ ವಸ್ತುವಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಜಪಾನಿನ ನಗಹಾರಾ ಮತ್ತು ಮತ್ಸುದಾ 1996ರಲ್ಲೇ ಪಾಲಿಮರ್ ಸರಪಳಿಗಳಿಗೆ ಡಿಎನ್‌ಎ ತುಂಡು ಅಂಟಿಸಿ, ಆ ತುಂಡುಗಳು ಒಂದನ್ನೊಂದು ಹಿಡಿದಾಗ ನೀರು ಜೆಲ್ ಆಗುವುದನ್ನು ತೋರಿಸಿದ್ದರು. 2004ರಲ್ಲಿ ಅದೇ ಯರ್ಕ್, ರಟ್ಗರ್ಸ್ ವಿಶ್ವವಿದ್ಯಾಲಯದ ಎಂಜಿನಿಯರ್ ನೋಶಿರ್ ಲಂಗ್ರಾನಾ ಅವರ ತಂಡದ ಜೊತೆ ಇಂಥ ಜೆಲ್‌ಗೂ ಖಾಲಿ ಅಕ್ಷರಗಳ ಉಪಾಯ ಹೂಡಿದರು. ಎಳೆ ಹಾಕಿದರೆ ಗಟ್ಟಿ, ಬಿಡಿಸುವ ಎಳೆ ಹಾಕಿದರೆ ಮತ್ತೆ ನೀರು. ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಈಗ ಬರೆದ ಅಕ್ಷರಗಳ ಮಾತು ಕೇಳುತ್ತಿತ್ತು.

ಒಂದು ಕೊರತೆ ಉಳಿದಿತ್ತು. ಬಿಚ್ಚುವ ಕೀಲಿಕೈ ಕೂಡ ಡಿಎನ್‌ಎ ಎಳೆಯೇ ಆಗಬೇಕಿತ್ತು. ನಮ್ಮ ದೇಹದಲ್ಲಾಗಲಿ, ಕಲುಷಿತ ನೀರಿನಲ್ಲಾಗಲಿ, ಬ್ಯಾಕ್ಟೀರಿಯಾ ಕೂತ ಗಾಯದಲ್ಲಾಗಲಿ ನಮಗೆ ಬೇಕಾದ ಎಳೆ ಕಾದು ಕೂತಿರುವುದಿಲ್ಲ. ಅಲ್ಲಿರುವುದು ಜೀವಕೋಶಗಳಿಗೆ ಶಕ್ತಿ ಕೊಡುವ ಎಟಿಪಿ, ಗ್ಲೂಕೋಸ್, ಸೀಸ, ಆಮ್ಲ, ಬ್ಯಾಕ್ಟೀರಿಯಾಗಳ ಸಂದೇಶದ ಅಣುಗಳು. ಡಿಎನ್‌ಎಗೆ ಇವುಗಳ ಗುರುತು ಹಿಡಿಯಲು ಕಲಿಸಬೇಕಿತ್ತು.

ಕಲಿಸುವ ವಿಧಾನ ಅಷ್ಟರಲ್ಲಾಗಲೇ ಸಿದ್ಧವಾಗಿತ್ತು, ಬೇರೆ ಉದ್ದೇಶಕ್ಕೆ. 1990ರಲ್ಲಿ ಬಾಸ್ಟನ್ನಿನ ಎಲಿಂಗ್ಟನ್ ಮತ್ತು ಷೋಸ್ಟಾಕ್, ಕೊಲೊರಾಡೋದ ಟ್ಯುರ್ಕ್ ಮತ್ತು ಗೋಲ್ಡ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಒಂದೇ ದಾರಿ ಹಿಡಿದರು. ಅಕ್ಷರಗಳನ್ನು ಎತ್ತೆತ್ತಲೋ ಎರಚಿ ಡಿಎನ್‌ಎಯನ್ನು ಹೋಲುವ ಲೆಕ್ಕವಿಲ್ಲದಷ್ಟು ಆರ್‌ಎನ್‌ಎ ಎಳೆಗಳನ್ನು ತಯಾರಿಸಿ, ಗುರಿಯ ಅಣುವಿಗೆ ಅಂಟಿಕೊಂಡವನ್ನು ಮಾತ್ರ ಉಳಿಸಿಕೊಂಡು, ಅವನ್ನೇ ಹೆಚ್ಚಿಸಿ ಮತ್ತೆ ಸೋಸುವುದು. ಸುಮಾರು ಸಾವಿರ ಕೋಟಿ ಎಳೆಗಳಲ್ಲಿ ಒಂದು ತಾನಾಗಿಯೇ ಮಡಚಿಕೊಂಡು ಒಂದು ಚಿಕ್ಕ ಅಣುವನ್ನು ಹಿಡಿಯಬಲ್ಲದು ಎಂದು ಎಲಿಂಗ್ಟನ್ ಮತ್ತು ಷೋಸ್ಟಾಕ್ ಅಂದಾಜು ಮಾಡಿದರು. ಹೀಗೆ ಸಿಕ್ಕ ಎಳೆಗಳಿಗೆ ಆಪ್ಟಮರ್ ಎಂಬ ಹೆಸರು ಬಂತು. 1995ರಲ್ಲಿ ಷೋಸ್ಟಾಕ್ ಪ್ರಯೋಗಾಲಯದಲ್ಲೇ ಎಟಿಪಿ ಮತ್ತು ಅದರ ಭಾಗವಾದ ಅಡಿನೋಸಿನ್ ಹಿಡಿಯುವ ಡಿಎನ್‌ಎ ಆಪ್ಟಮರ್ ದೊರೆಯಿತು.

ಎರಡು ದಾರಿಗಳೂ ಸೇರಿದ ಜಾಗದಲ್ಲಿ ಹೊಸ ವಸ್ತು ಹುಟ್ಟಿತು. ಆಪ್ಟಮರ್ ಎಳೆಯನ್ನೇ ಸೇತುವೆಯಾಗಿ ಬಳಸಿ ಎರಡು ಭಾಗಗಳನ್ನು ಕಟ್ಟಬೇಕು. ಗುರಿಯ ಅಣು ಬಂದಾಗ ಆಪ್ಟಮರ್ ಅದರ ಸುತ್ತ ಮಡಚಿಕೊಳ್ಳುತ್ತದೆ. ಮಡಚಿಕೊಂಡದ್ದು ಸೇತುವೆಯಾಗಿ ಉಳಿಯಲಾರದು, ಕಟ್ಟು ಬಿಡುತ್ತದೆ. 2006ರಲ್ಲಿ ಇಲಿನಾಯ್ಸ್ ವಿಶ್ವವಿದ್ಯಾಲಯದ ಜುವೆನ್ ಲಿಯು ಮತ್ತು ಯಿ ಲು ಚಿನ್ನದ ಕಣಗಳನ್ನು ಹೀಗೆ ಕಟ್ಟಿದರು. ಅಡಿನೋಸಿನ್ ಅಥವಾ ಕೊಕೇನ್ ಬೆರೆಸಿದರೆ ನೇರಳೆ ದ್ರಾವಣ ಕೊಠಡಿಯ ಉಷ್ಣತೆಯಲ್ಲೇ ಸೆಕೆಂಡುಗಳಲ್ಲಿ ಕೆಂಪಾಗುತ್ತಿತ್ತು. ಹತ್ತು ವರ್ಷದ ಹಿಂದೆ ಮಿರ್ಕಿನ್ ಬಿಸಿ ಮಾಡಿ ಪಡೆದ ಬಣ್ಣವನ್ನು ಈಗ ಒಂದೇ ಒಂದು ಬಗೆಯ ಅಣು ತಂದುಕೊಡುತ್ತಿತ್ತು. 2008ರಲ್ಲಿ ಫ್ಲಾರಿಡಾದ ವೈಹಾಂಗ್ ಟಾನ್ ತಂಡ ಅಡಿನೋಸಿನ್ ಸೋಕಿದರೆ ಕರಗುವ ಜೆಲ್ ಮಾಡಿತು.

ಇದರ ಮುಂದಿನ ಹೆಜ್ಜೆ, 2010ರಲ್ಲಿ ಟಾನ್ ಮತ್ತು ಚಾವೊಯಾಂಗ್ ಯಾಂಗ್ ತಂಡಗಳು ಸೇರಿ ಪ್ರಕಟಿಸಿದ್ದು, ನನಗೆ ಬಹಳ ಇಷ್ಟವಾದ ಪ್ರಯೋಗ. ಅದರ ಮುಖ್ಯ ಸಾಮಗ್ರಿ ನಮ್ಮಲ್ಲಿ ಪ್ರತಿಯೊಬ್ಬರೂ ಪ್ರೌಢಶಾಲೆಯಲ್ಲಿ ಕಂಡಿರುವಂಥದ್ದು. ಅನ್ನದ ಗಂಜಿಗೆ ಅಯೋಡಿನ್ ಹನಿ ಹಾಕಿದರೆ ಕಡುನೀಲಿಯಾಗುತ್ತದೆ. ಪಿಷ್ಟ ಇದೆ ಎಂದು ಬರೆದುಕೊಳ್ಳುತ್ತೇವೆ. ಈ ತಂಡ ಕೊಕೇನ್ ಗುರುತಿಸುವ ಆಪ್ಟಮರ್‌ನಿಂದ ಒಂದು ಜೆಲ್ ಹೆಣೆದು, ಅದರೊಳಗೆ ಅಮೈಲೇಸ್ ಕಿಣ್ವವನ್ನು ಬಂಧಿಸಿಟ್ಟಿತು. ನಮ್ಮ ಎಂಜಲಿನಲ್ಲಿ ಇದ್ದು ಪಿಷ್ಟವನ್ನು ಜೀರ್ಣಿಸುವ ಕಿಣ್ವವೇ ಅದು. ಜೆಲ್ಲಿನ ಹೊರಗೆ ಪಿಷ್ಟ ಮತ್ತು ಅಯೋಡಿನ್. ಪರೀಕ್ಷೆಗೆ ತಂದ ದ್ರವದಲ್ಲಿ ಕೊಕೇನ್ ಇಲ್ಲದಿದ್ದರೆ ಜೆಲ್ ಹಾಗೇ ಇರುತ್ತದೆ, ನೀಲಿ ಬಣ್ಣ ಹಾಗೇ ಉಳಿಯುತ್ತದೆ. ಇದ್ದರೆ ಜೆಲ್ ಕಳಚುತ್ತದೆ, ಅಮೈಲೇಸ್ ಹೊರಗೆ ಬಂದು ಪಿಷ್ಟವನ್ನು ತಿನ್ನುತ್ತದೆ, ನೀಲಿ ಮಾಸಿಹೋಗುತ್ತದೆ. ಯಂತ್ರ ಬೇಡ, ವಿದ್ಯುತ್ ಬೇಡ, ಬರಿಗಣ್ಣು ಸಾಕು. ಒಂದು ಅಣುವಿನ ಜೋಡಣೆ ಬಿಟ್ಟದ್ದನ್ನು ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಕಾಣುವಂತೆ ಮಾಡುವ ದಾರಿ ಇದು. ಆಪ್ಟಮರ್ ಬದಲಿಸಿದರೆ ಪರೀಕ್ಷೆಯೂ ಬದಲಾಗುತ್ತದೆ.

ಬೆಂಗಳೂರಿಗೆ ಬರುವ ದಾರಿ ಇಂಗ್ಲೆಂಡಿನ ಕೇಂಬ್ರಿಜ್ ಮೂಲಕ ಹಾದು ಬರುತ್ತದೆ. ಚೆನ್ನೈಯಲ್ಲಿ ಹುಟ್ಟಿ ಎಳೆಗೂಸಾಗಿದ್ದಾಗಲೇ ಇಂಗ್ಲೆಂಡ್ ಸೇರಿದ ಶಂಕರ್ ಬಾಲಸುಬ್ರಮಣಿಯನ್ ಅವರ ಪ್ರಯೋಗಾಲಯ ಅಲ್ಲಿತ್ತು. ಡಿಎನ್‌ಎ ಓದುವ ವೇಗದ ತಂತ್ರವನ್ನು ರೂಪಿಸಿದವರಲ್ಲಿ ಒಬ್ಬರೆಂದು ಜಗತ್ತು ಅವರನ್ನು ಬಲ್ಲದು. 2003ರಲ್ಲಿ ಅವರೂ ಡಾಂಗ್‌ಷೆಂಗ್ ಲಿಯು ಅವರೂ ಆಮ್ಲದಿಂದ ನಡೆಯುವ ಒಂದು ಡಿಎನ್‌ಎ ಯಂತ್ರ ಮಾಡಿದರು. ಸಿ ಅಕ್ಷರ ಹೆಚ್ಚಿರುವ ಎಳೆಗೆ ಒಂದು ವಿಶೇಷ ಗುಣವಿದೆ. ಆಮ್ಲದಲ್ಲಿ ಅದು ಪ್ರೋಟಾನುಗಳನ್ನು ಹಿಡಿದು ನಾಲ್ಕು ಪದರವಾಗಿ ಮಡಚಿಕೊಳ್ಳುತ್ತದೆ. ಆಮ್ಲ ಹೋದರೆ ಬಿಚ್ಚಿಕೊಳ್ಳುತ್ತದೆ. 1993ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ವಿವರಿಸಿದ್ದ ಈ ಐ-ಮೋಟಿಫ್ ಮಡಿಕೆಯೇ ಯಂತ್ರದ ಜೀವಾಳ. ಪ್ರೋಟಾನಿಗಿಂತ ಚಿಕ್ಕ ರಾಸಾಯನಿಕ ಕೀಲಿಕೈ ಇರಲಾರದು.

ಆ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಇಬ್ಬರು ಒಂದೇ ಮಡಿಕೆಯನ್ನು ಎರಡು ದೇಶಗಳಿಗೆ ಒಯ್ದರು. ಡಾಂಗ್‌ಷೆಂಗ್ ಲಿಯು ಬೀಜಿಂಗಿಗೆ ಹೋಗಿ 2009ರಲ್ಲಿ ಪೂರ್ತಿ ಡಿಎನ್‌ಎಯಿಂದಲೇ ಮಾಡಿದ ಜೆಲ್ ತೋರಿಸಿದರು. ಮೂರು ಕವಲಿನ ತುಣುಕುಗಳು ಪಿಎಚ್ 5ರಲ್ಲಿ, ಅಂದರೆ ಆಮ್ಲದಲ್ಲಿ, ಒಂದನ್ನೊಂದು ಹಿಡಿದು ಜೆಲ್ ಆಗುತ್ತವೆ; ಆಮ್ಲ ಕಳೆದು ಪಿಎಚ್ 8ಕ್ಕೆ ತಂದರೆ ನಿಮಿಷಗಳಲ್ಲಿ ಕೈಬಿಟ್ಟು ದ್ರವವಾಗುತ್ತವೆ. ಇನ್ನೊಬ್ಬರು ಯಮುನಾ ಕೃಷ್ಣನ್.

ಕೇರಳದ ಪರಪ್ಪನಂಗಾಡಿಯಲ್ಲಿ 1974ರಲ್ಲಿ ಹುಟ್ಟಿದ ಯಮುನಾ ಚೆನ್ನೈಯಲ್ಲಿ ಪದವಿ ಮುಗಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಪಡೆದು ಕೇಂಬ್ರಿಜ್‌ಗೆ ಹೋಗಿದ್ದರು. 2005ರಲ್ಲಿ ಮರಳಿ ಬಂದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಸೇರಿದರು. ಜೀವವಿಜ್ಞಾನಿ ಒಬೈದ್ ಸಿದ್ದೀಕಿ ಅವರು ಕಟ್ಟಿ ಬೆಳೆಸಿದ, ಬಳ್ಳಾರಿ ರಸ್ತೆಯ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ಎನ್‌ಸಿಬಿಎಸ್. ಯಮುನಾ ರಸಾಯನವಿಜ್ಞಾನಿ. ಸುತ್ತ ಇದ್ದವರು ನೊಣ, ಹುಳು, ಜೀವಕೋಶಗಳನ್ನು ಅಧ್ಯಯನ ಮಾಡುವವರು. ಈ ನೆರೆಹೊರೆ ಅವರ ಕೆಲಸದ ದಿಕ್ಕನ್ನೇ ಬದಲಿಸಿತು ಎಂದು ಪ್ರಕಟವಾದ ಪ್ರಬಂಧಗಳನ್ನು ಸಾಲಾಗಿ ಓದಿದವರಿಗೆ ಕಾಣುತ್ತದೆ. ಅಲ್ಲಿಯವರೆಗೆ ಡಿಎನ್‌ಎ ಯಂತ್ರಗಳು ಬಹುಮಟ್ಟಿಗೆ ಗಾಜಿನ ನಳಿಕೆಯ ಯಂತ್ರಗಳು. ಬೆಂಗಳೂರಿನಲ್ಲಿ ಅವು ಜೀವದೊಳಗೆ ಇಳಿದವು.

2009ರಲ್ಲಿ ಈ ತಂಡ ‘ಐ-ಸ್ವಿಚ್’ ಪ್ರಕಟಿಸಿತು. ಜೀವಕೋಶ ಹೊರಗಿನಿಂದ ಏನನ್ನಾದರೂ ನುಂಗಿದಾಗ ಅದು ಚಿಕ್ಕ ಚಿಕ್ಕ ಚೀಲಗಳಲ್ಲಿ ಒಳಗೆ ಸಾಗುತ್ತದೆ. ಸಾಗಿದಂತೆ ಚೀಲದ ಒಳಗು ಹೆಚ್ಚು ಹೆಚ್ಚು ಆಮ್ಲವಾಗುತ್ತದೆ. ಐ-ಸ್ವಿಚ್ ಆ ಚೀಲದ ಜೊತೆ ಪಯಣಿಸಿ, ಆಮ್ಲಕ್ಕೆ ತಕ್ಕಂತೆ ಮಡಚಿಕೊಂಡು, ಬೆಳಕಿನ ಬಣ್ಣದಿಂದ ಅಲ್ಲಿನ ಪಿಎಚ್ ತಿಳಿಸುತ್ತದೆ. ಹಣ್ಣುನೊಣದ ರಕ್ತಕಣಗಳಲ್ಲಿ ಮೊದಲು, ಎರಡು ವರ್ಷದ ನಂತರ ಸೀ ಎಲಿಗನ್ಸ್ ಎಂಬ, ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ಹುಳುವಿನ ಮೈಯಲ್ಲಿ ಇದು ಕೆಲಸ ಮಾಡಿತು.

ಅದೇ 2009ರಲ್ಲಿ ಇನ್ನೊಂದು ಪ್ರಬಂಧವೂ ಬಂತು. ಇದೇ ತಂಡದ ಧೀರಜ್ ಭಾಟಿಯಾ ಮತ್ತು ಸಂಗಡಿಗರು ಡಿಎನ್‌ಎಯ ಇಪ್ಪತ್ತು ಮುಖದ ಪೆಟ್ಟಿಗೆ ಕಟ್ಟಿದ್ದರು. ಇಪ್ಪತ್ತು ತ್ರಿಕೋನ, ಮೂವತ್ತು ಅಂಚು, ಹನ್ನೆರಡು ಮೂಲೆ; ಅನೇಕ ವೈರಸ್‌ಗಳ ಕವಚ ಇದೇ ಆಕಾರದ್ದು. ಅಂಚಿನ ಉದ್ದಕ್ಕೆ ಹೋಲಿಸಿದರೆ ಒಳಗೆ ಜಾಗ ಹೆಚ್ಚು, ಗೋಡೆಯ ಕಿಂಡಿಗಳು ಚಿಕ್ಕವು. ಕಟ್ಟಿದ ಕ್ರಮವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದೆ ಬಿಚ್ಚುವ ಉಪಾಯ ಇದರಲ್ಲೇ ಅಡಗಿದೆ. ಪ್ರತಿ ಮೂಲೆಯೂ ಐದು ಕವಲಿನ ಒಂದು ಡಿಎನ್‌ಎ ತುಣುಕು. ಅಂಥ ಮೂರು ಬಗೆಯ ತುಣುಕುಗಳಿಗೆ ವಿ, ಯು, ಎಲ್ ಎಂದು ಹೆಸರು. ಒಂದು ವಿ ಸುತ್ತ ಐದು ಯು ಸೇರಿದರೆ ಅರ್ಧ ಪೆಟ್ಟಿಗೆ. ಇನ್ನೊಂದು ವಿ ಸುತ್ತ ಐದು ಎಲ್ ಸೇರಿದರೆ ಇನ್ನರ್ಧ. ಆರು ಮತ್ತು ಆರು, ಹನ್ನೆರಡು ಮೂಲೆ. ಎರಡು ಅರ್ಧಗಳನ್ನು ಬೇರೆ ಬೇರೆ ನಳಿಕೆಯಲ್ಲಿ ತಯಾರಿಸಿ ಕೊನೆಗೆ ಒಂದರ ಮೇಲೊಂದು ಮುಚ್ಚುವುದರಿಂದ, ಮುಚ್ಚುವ ಹೊತ್ತಿಗೆ ದ್ರಾವಣದಲ್ಲಿ ಏನಿರುತ್ತದೋ ಅದು ಒಳಗೆ ಸಿಕ್ಕಿಕೊಳ್ಳುತ್ತದೆ. ಮೊದಲು ಚಿನ್ನದ ಕಣಗಳನ್ನು ಹೀಗೆ ಸೆರೆಹಿಡಿದರು. 2011ರಲ್ಲಿ ಬೆಳಗುವ ಡೆಕ್ಸ್ಟ್ರಾನ್ ಎಂಬ ಸಕ್ಕರೆ ಸರಪಳಿಯನ್ನು ತುಂಬಿ ಹುಳುವಿನೊಳಗೆ ಕಳಿಸಿದರು. ಹುಳುವಿನ ಮೈಯಲ್ಲಿ ಕಸ ಹೆಕ್ಕುವ ಕೋಶಗಳು ಡಿಎನ್‌ಎಯ ಹೊರಮೈ ಗುರುತಿಸಿ ಪೆಟ್ಟಿಗೆಯನ್ನು ನುಂಗಿದವು. ಒಳಗಿದ್ದ ಡೆಕ್ಸ್ಟ್ರಾನ್ ಅಲ್ಲಿನ ಆಮ್ಲದ ಮಟ್ಟವನ್ನು ತಿಳಿಸಿತು.

ತುಂಬುವುದು, ಕಳಿಸುವುದು ಆಯಿತು. ಉಳಿದದ್ದು ತೆರೆಯುವುದು. ಇದೇ ತಂಡದ ಅನಸೂಯಾ ಬ್ಯಾನರ್ಜಿ ಮೊದಲ ಲೇಖಕಿಯಾಗಿ 2013ರಲ್ಲಿ ‘ಆಂಗೆವಾಂಟೆ ಖೆಮಿ’ ಪತ್ರಿಕೆಯಲ್ಲಿ ಬಂದ ಪ್ರಬಂಧ ಅದನ್ನು ಸಾಧಿಸಿತು. ಅವರು ಆರಿಸಿಕೊಂಡ ಕೀಲಿಕೈ ಸೈಕ್ಲಿಕ್-ಡೈ-ಜಿಎಂಪಿ. ಈ ಅಣುವಿಗೂ ಒಂದು ಹಿನ್ನೆಲೆಯಿದೆ. 1987ರಲ್ಲಿ ಜೆರುಸಲೇಮಿನ ಮೋಶೆ ಬೆಂಜಿಮನ್ ತಂಡ ಸೆಲ್ಯುಲೋಸ್ ತಯಾರಿಸುವ ಒಂದು ಬ್ಯಾಕ್ಟೀರಿಯಾದಲ್ಲಿ ಇದನ್ನು ಕಂಡುಹಿಡಿಯಿತು. ಈಜಾಡುತ್ತಿರುವ ಬ್ಯಾಕ್ಟೀರಿಯಾ ಒಂದೆಡೆ ನೆಲೆನಿಂತು ಲೋಳೆಯ ಪದರ ಕಟ್ಟಬೇಕೇ ಬೇಡವೇ ಎಂಬುದನ್ನು ಅನೇಕ ಜಾತಿಗಳಲ್ಲಿ ನಿರ್ಧರಿಸುವ ಸಂದೇಶವಾಹಕ ಇದು ಎಂದು ಆಮೇಲೆ ತಿಳಿಯಿತು. 2008ರಲ್ಲಿ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ತಂಡ ಬ್ಯಾಕ್ಟೀರಿಯಾಗಳ ಆರ್‌ಎನ್‌ಎಯೇ ಈ ಅಣುವನ್ನು ಹಿಡಿದು ಮಡಚಿಕೊಳ್ಳುವುದನ್ನು ತೋರಿಸಿತು. ಮನುಷ್ಯನ ಜೀವಕೋಶಗಳು ಇದನ್ನು ತಯಾರಿಸುವುದಿಲ್ಲ.

ಬೆಂಗಳೂರಿನ ತಂಡ ಪೆಟ್ಟಿಗೆಯ ಜೋಡಣೆಯಲ್ಲಿ ಈ ಅಣುವನ್ನು ಗುರುತಿಸುವ ಆಪ್ಟಮರ್ ಸೇರಿಸಿತು. ಒಳಗೆ ಬೆಳಗುವ ಡೆಕ್ಸ್ಟ್ರಾನ್. ಸೈಕ್ಲಿಕ್-ಡೈ-ಜಿಎಂಪಿ ಬಂದಾಗ ಆಪ್ಟಮರ್ ಅದನ್ನು ಹಿಡಿಯಿತು, ಜೋಡಣೆ ಕಳಚಿತು, ಪೆಟ್ಟಿಗೆ ತೆರೆದು ಸರಕು ಹೊರಬಂತು. ಹೇಳಲು ಎರಡು ಸಾಲು. ಇದರ ಹಿಂದೆ ಇಕ್ಕಳದ ಎಂಟು ಅಕ್ಷರ, ಸಾವಿರ ಕೋಟಿಯಲ್ಲಿ ಒಂದನ್ನು ಹೆಕ್ಕುವ ಸೋಸಾಟ, ಬ್ಯಾಕ್ಟೀರಿಯಾದ ಒಂದು ಸಂದೇಶ ಎಲ್ಲವೂ ಇವೆ. ನನ್ನ ದೃಷ್ಟಿಯಲ್ಲಿ ಇದರ ತೂಕ ಇರುವುದು ಕೀಲಿಕೈಯ ಆಯ್ಕೆಯಲ್ಲಿ. ಬ್ಯಾಕ್ಟೀರಿಯಾ ಇರುವಲ್ಲಿ ಮಾತ್ರ ಹುಟ್ಟುವ ಅಣುವಿಗೆ ತೆರೆಯುವ ಪೆಟ್ಟಿಗೆ ಸಾಧ್ಯ ಎಂದಾದರೆ, ರೋಗವೇ ತನ್ನ ಮದ್ದಿನ ಬಾಗಿಲು ತೆಗೆಯುವ ಕಾಲವನ್ನು ಕಲ್ಪಿಸಿಕೊಳ್ಳಬಹುದು. ಅದೇ 2013ರಲ್ಲಿ ಯಮುನಾ ಅವರಿಗೆ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. 2014ರಲ್ಲಿ ಅವರು ಷಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. ಭಾಟಿಯಾ ಈಗ ಐಐಟಿ ಗಾಂಧಿನಗರದಲ್ಲಿ ಡಿಎನ್‌ಎ ವಸ್ತುಗಳ ಮೇಲೆಯೇ ಕೆಲಸ ಮಾಡುತ್ತಿದ್ದಾರೆ.

ಬೇರೆಡೆಯೂ ಕೆಲಸ ನಿಂತಿರಲಿಲ್ಲ. 2012ರಲ್ಲಿ ಹಾರ್ವರ್ಡಿನ ಶಾನ್ ಡಗ್ಲಸ್, ಇಡೋ ಬ್ಯಾಚಲೆಟ್, ಜಾರ್ಜ್ ಚರ್ಚ್ ಎರಡು ಆಪ್ಟಮರ್ ಬೀಗಗಳ ಡಿಎನ್‌ಎ ಪೀಪಾಯಿ ಮಾಡಿದರು. ಎರಡೂ ಕೀಲಿಕೈ ಒಟ್ಟಿಗೆ ಸಿಕ್ಕ ಕೋಶದ ಮೇಲೆ ಮಾತ್ರ ಅದು ತೆರೆಯುತ್ತದೆ. 2014ರಲ್ಲಿ ಅಮೆರಿಕದ ಜೆನ್ ಗು ತಂಡ ಎಟಿಪಿ ಆಪ್ಟಮರ್ ಎಳೆಗಳ ನಡುವೆ ಡಾಕ್ಸೊರೂಬಿಸಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ಸಿಕ್ಕಿಸಿತು. ಎಟಿಪಿ ಕೋಶದ ಹೊರಗೆ ಬಹಳ ಕಡಿಮೆ, ಒಳಗೆ ಬಹಳ ಹೆಚ್ಚು. ಹಾಗಾಗಿ ಔಷಧಿ ರಕ್ತದಲ್ಲಿ ಬಿಗಿಯಾಗಿದ್ದು ಕೋಶದೊಳಗೆ ಸಡಿಲುತ್ತದೆ. 2018ರಲ್ಲಿ ಬೀಜಿಂಗ್ ಮತ್ತು ಅರಿಜೋನಾದ ವಿಜ್ಞಾನಿಗಳು ಸೇರಿ, ಕ್ಯಾನ್ಸರ್ ಗೆಡ್ಡೆಯ ರಕ್ತನಾಳದಲ್ಲಿರುವ ನ್ಯೂಕ್ಲಿಯೋಲಿನ್ ಪ್ರೋಟೀನು ಸೋಕಿದಾಗ ಬಿಚ್ಚಿಕೊಂಡು, ಒಳಗಿನ ಥ್ರಾಂಬಿನ್‌ನಿಂದ ಅಲ್ಲೇ ರಕ್ತ ಹೆಪ್ಪುಗಟ್ಟಿಸಿ ಗೆಡ್ಡೆಗೆ ಆಹಾರ ನಿಲ್ಲಿಸುವ ಡಿಎನ್‌ಎ ಕೊಳವೆಯನ್ನು ಇಲಿಗಳಲ್ಲಿ ಪರೀಕ್ಷಿಸಿದರು. 2019ರಲ್ಲಿ ಎಂಐಟಿಯ ಜೇಮ್ಸ್ ಕಾಲಿನ್ಸ್ ತಂಡ ಕ್ಯಾಸ್12ಎ ಎಂಬ ಕ್ರಿಸ್ಪರ್ ಕಿಣ್ವವನ್ನು ಜೆಲ್‌ಗೆ ಕತ್ತರಿಯಾಗಿ ಕೊಟ್ಟಿತು. ಹುಡುಕುತ್ತಿರುವ ಡಿಎನ್‌ಎ ಸಿಕ್ಕ ಕೂಡಲೇ ಅದು ಸುತ್ತಲಿನ ಒಂಟಿ ಎಳೆಗಳನ್ನೆಲ್ಲ ಕತ್ತರಿಸುತ್ತದೆ. ಒಂದು ಕಿಣ್ವ ಅಣು ಅನೇಕ ಎಳೆಗಳನ್ನು ಕತ್ತರಿಸುವುದರಿಂದ ಅತಿ ಕಡಿಮೆ ಸುಳಿವಿಗೂ ವಸ್ತು ಸ್ಪಂದಿಸುತ್ತದೆ.

ಇಷ್ಟೆಲ್ಲ ಆದರೂ ರಾಸಾಯನಿಕ ಕೀಲಿಕೈಗೆ ಬಿಚ್ಚಿಕೊಳ್ಳುವ ಡಿಎನ್‌ಎ ಪೆಟ್ಟಿಗೆ ಔಷಧಿಯಾಗಿ ಆಸ್ಪತ್ರೆಗೆ ಬಂದಿಲ್ಲ. ಕಾರಣಗಳು ಗಟ್ಟಿಯಾಗಿಯೇ ಇವೆ. ನಮ್ಮ ರಕ್ತದಲ್ಲಿ ಡಿಎನ್‌ಎ ತಿನ್ನುವ ಕಿಣ್ವಗಳಿವೆ. ಕೀಲಿಕೈ ಸಿಗುವ ಮೊದಲೇ ಪೆಟ್ಟಿಗೆ ಸವೆದುಹೋಗಬಹುದು. ಅನೇಕ ಡಿಎನ್‌ಎ ರಚನೆಗಳು ಗಟ್ಟಿಯಾಗಿ ನಿಲ್ಲಲು ಮೆಗ್ನೀಸಿಯಂ ಬೇಕು, ದೇಹದಲ್ಲಿ ಅದು ಅಷ್ಟು ಇರುವುದಿಲ್ಲ. ಬಿಗಿಯಾಗಿ ಕಟ್ಟಿದರೆ ಕೀಲಿಕೈಗೂ ತೆರೆಯದು, ಸಡಿಲ ಬಿಟ್ಟರೆ ಕೀಲಿಕೈ ಇಲ್ಲದೆಯೂ ಸೋರುತ್ತದೆ. ಈ ಎರಡರ ನಡುವಿನ ಹದ ಹುಡುಕುವುದೇ ಇಂದು ಈ ಕ್ಷೇತ್ರದಲ್ಲಿರುವವರ ದಿನನಿತ್ಯದ ಕೆಲಸ. ಓದುವವರಿಗೆ ಇದು ನಿರಾಶೆ ಅನಿಸಬಾರದು. ಸೀಮನ್ ಕಂಡ ಹರಳು ಕೈಗೆ ಬರಲು ಎಷ್ಟು ಕಾಲ ಹಿಡಿಯಿತು ಎಂದು ಮೇಲೆಯೇ ನೋಡಿದ್ದೇವೆ.

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಡಿಎನ್‌ಎ ರಚನೆಯ ಪಾಠವಿದೆ. ಎ-ಟಿ, ಜಿ-ಸಿ ಜೋಡಿಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಆ ಪಾಠ ಮಾಡುವ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ: ಹತ್ತು ನಿಮಿಷ ಹೆಚ್ಚು ತೆಗೆದುಕೊಂಡು, ಅದೇ ಜೋಡಿಗಳಿಂದ ಪೆಟ್ಟಿಗೆ ಕಟ್ಟಬಹುದು, ಆ ಪೆಟ್ಟಿಗೆ ಒಂದು ಅಣುವಿನ ಮಾತಿಗೆ ಬಿಚ್ಚಿಕೊಳ್ಳುವಂತೆ ಮಾಡಬಹುದು, 2013ರಲ್ಲಿ ಅದನ್ನು ಮಾಡಿ ತೋರಿಸಿದವರು ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿದ್ದವರು ಎಂದು ತರಗತಿಯಲ್ಲಿ ಹೇಳಿ.